ಮೂಕಿ ಚಿತ್ರಗಳ ಮಕ್ಕಳೂ ನಾಯಿಗಳೂ ಅಷ್ಟು ಸಹಜವಾಗಿ ಕಾಣಲು ಕಾರಣವೇನು?

ಹಳೆಯ ರೀಲು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಾಲ್ ರೋಚ್ ನಿರ್ಮಿಸಿದ, ತುಂಟ ಮಕ್ಕಳ ಗುಂಪೊಂದರ ಕಥೆಗಳ ‘ಅವರ್ ಗ್ಯಾಂಗ್’ ಸರಣಿಯ ಮೂಕಿ ಕಿರುಚಿತ್ರಗಳಲ್ಲಿ ಕೈಗೆ ಸಿಕ್ಕಷ್ಟನ್ನೂ ಕಳೆದ ಮಳೆಗಾಲದಲ್ಲಿ ತೆರೆಕಂಡ ಕ್ರಮದಲ್ಲಿಯೇ ನೋಡಿದೆ. 1922ರಲ್ಲಿ ಆರಂಭವಾದ ಈ ಸರಣಿ 1944ರವರೆಗೆ ನಡೆದು ಒಟ್ಟು 220 ಕಿರುಚಿತ್ರಗಳಾದವು. ನಾನು ಹೇಳಹೊರಟಿರುವುದು ಅದರ ಮೊದಲ ಏಳು ವರ್ಷಗಳ ಬಗ್ಗೆ. 1929ರಲ್ಲಿ ಸರಣಿಯ ಮೊದಲ ಟಾಕಿಯಾದ ‘ಸ್ಮಾಲ್ ಟಾಕ್’ ಬಂದಾಗ ನಿರ್ದೇಶಕರು ಅವರೇ, ಮಕ್ಕಳೂ ಬಹುಮಟ್ಟಿಗೆ ಅವರೇ. ಆದರೂ ಹಿಂದಿನ ವರ್ಷದವರೆಗೆ ತೆರೆಯ ತುಂಬ ಓಡಾಡಿಕೊಂಡಿದ್ದ ಮಕ್ಕಳು ಅಲ್ಲಿ ನಿಂತಲ್ಲೇ ನಿಂತು, ಒಬ್ಬರ ಮಾತು ಮುಗಿಯುವುದನ್ನು ಇನ್ನೊಬ್ಬರು ಕಾಯುವಂತೆ ನನಗೆ ಕಂಡಿತು. ಹೀಗೇಕಾಯಿತು ಎಂದು ಯೋಚಿಸುತ್ತ ಹೋದಾಗ ಒಂದು ವಿಚಾರ ಹೊಳೆಯಿತು. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೂಕಿ ಚಿತ್ರಗಳು ಮೂಕವಾಗಿದ್ದುದು ನೋಡುವವರಿಗೆ ಮಾತ್ರ. ಅವುಗಳನ್ನು ಚಿತ್ರಿಸುತ್ತಿದ್ದ ಜಾಗ ಮೂಕವಾಗಿರಲಿಲ್ಲ. ಸರಣಿಯ ಮುಖ್ಯ ನಿರ್ದೇಶಕರಾದ ರಾಬರ್ಟ್ ಮೆಕ್‌ಗೋವನ್ ಅವರ ಬಳಿ ಇದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಚಿತ್ರಕಥೆಯನ್ನು ಅವರ ಕೈಗೆ ಕೊಡುವ ಪ್ರಶ್ನೆಯೇ ಇರಲಿಲ್ಲ. ಪ್ರತಿ ದೃಶ್ಯಕ್ಕೂ ತುಸು ಮುಂಚೆ ಕಥೆಯನ್ನು ಬಾಯಲ್ಲಿ ಹೇಳಿ, ಕ್ಯಾಮೆರಾ ತಿರುಗತೊಡಗಿದ ಮೇಲೂ ಮೆಗಾಫೋನು ಹಿಡಿದು ನಿರ್ದೇಶನ ಕೊಡುತ್ತ, ಮಕ್ಕಳಿಗೆ ತೋಚಿದ್ದನ್ನು ಮಾಡಲೂ ಬಿಡುತ್ತಿದ್ದರು. ಮಗುವಿನ ಮುಖದಲ್ಲಿ ನಾವು ಕಾಣುವ ಅಚ್ಚರಿ ಬಹಳ ಸಲ ಆ ಗಳಿಗೆಯಲ್ಲೇ ಕಿವಿಗೆ ಬಿದ್ದ ಮಾತಿಗೆ ಹುಟ್ಟಿದ ಅಚ್ಚರಿ. ನಾಯಿ, ಕುದುರೆ, ಹೇಸರಗತ್ತೆಗಳ ವಿಷಯದಲ್ಲಂತೂ ಇದು ಇನ್ನೂ ನಿಜ, ಏಕೆಂದರೆ ಪಳಗಿಸಿದವನು ಕ್ಯಾಮೆರಾದ ಪಕ್ಕದಲ್ಲೇ ನಿಂತು ಹೆಸರು ಹಿಡಿದು ಕೂಗಬಹುದಿತ್ತು, ಸಿಳ್ಳೆ ಹಾಕಬಹುದಿತ್ತು. ಮೈಕು ಬಂದ ದಿನ ಈ ಅನುಕೂಲವೆಲ್ಲ ಹೋಯಿತು.

ಈ ಸರಣಿ ಹುಟ್ಟಿದ್ದರ ಬಗ್ಗೆ ರೋಚ್ ಒಂದು ಪ್ರಸಂಗವನ್ನು ಹೇಳಿಕೊಳ್ಳುತ್ತಿದ್ದರು. ಅವಕಾಶ ಕೇಳಿ ಬಂದಿದ್ದ, ಮುಖದ ತುಂಬ ಬಣ್ಣ ಬಳಿದುಕೊಂಡ ಹುಡುಗಿಯೊಬ್ಬಳ ಬಾಯಿಪಾಠದ ಅಭಿನಯವನ್ನು ನೋಡಿ ಬೇಸರಗೊಂಡು ಕಿಟಕಿಯಾಚೆ ನೋಡಿದಾಗ, ಮರದ ಅಂಗಡಿಯಿಂದ ಆಯ್ದುಕೊಂಡ ಕಡ್ಡಿಗಳಿಗಾಗಿ ಮಕ್ಕಳು ಜಗಳವಾಡುತ್ತಿದ್ದರಂತೆ. ಅದನ್ನು ಅವರು ಮೈಮರೆತು ನೋಡುತ್ತ ನಿಂತರಂತೆ. ಆ ಜಗಳವನ್ನು ಜಗಳವಾಗಿಯೇ ಉಳಿಸಿಕೊಂಡು ತೆರೆಗೆ ತರಲು ಸಾಧ್ಯವಾದದ್ದು ಮೈಕು ಇಲ್ಲದ್ದರಿಂದ ಎಂಬುದು ನನ್ನ ವಾದ. ನಿಮ್ಮ ಅಭಿಪ್ರಾಯಗಳನ್ನು ದಯವಿಟ್ಟು ತಿಳಿಸಿ.

ಸಂಕಲನಕಾರ ಬರೆದದ್ದು:

ನಿಮ್ಮ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಪ್ರಾಣಿಗಳ ಜಾಣತನದಲ್ಲಿ ಕೂಗಿನಷ್ಟೇ ದೊಡ್ಡ ಪಾಲು ಕತ್ತರಿಗೂ ಸಲ್ಲಬೇಕು. ಇಪ್ಪತ್ತು ವರ್ಷಗಳಿಂದ ಸಂಕಲನದ ಕೆಲಸವನ್ನೇ ಮಾಡಿಕೊಂಡು ಬಂದಿರುವ ನನಗೆ ಈ ವಿಷಯದಲ್ಲಿ ಮೊದಲು ನೆನಪಾಗುವುದು ಇಂಗ್ಲೆಂಡಿನಲ್ಲಿ 1905ರಲ್ಲಿ ಸಿಸಿಲ್ ಹೆಪ್ವರ್ತ್ ತಯಾರಿಸಿದ ‘ರೆಸ್ಕ್ಯೂಡ್ ಬೈ ರೋವರ್’. ಅದು ಹಾಸ್ಯಚಿತ್ರವಲ್ಲ, ಕಳುವಾದ ಕೂಸನ್ನು ಮನೆಯ ನಾಯಿ ಹುಡುಕಿ ತರಿಸುವ ಕಥೆ. ಕೂಸು ಹೆಪ್ವರ್ತರ ಸ್ವಂತ ಮಗಳು, ನಾಯಿ ಅವರ ಮನೆಯಲ್ಲಿಯೇ ಸಾಕಿದ್ದ ಬ್ಲೇರ್, ಕಥೆ ಬರೆದವರು ಅವರ ಹೆಂಡತಿ. ಆದ ಖರ್ಚು 7 ಪೌಂಡು 13 ಶಿಲ್ಲಿಂಗು 9 ಪೆನ್ಸ್. ಪ್ರತಿಗಳಿಗೆ ಎಷ್ಟು ಬೇಡಿಕೆ ಬಂತೆಂದರೆ ಮೂಲ ನೆಗೆಟಿವ್ ಸವೆದುಹೋಗಿ ಇಡೀ ಚಿತ್ರವನ್ನು ಮತ್ತೆ ಎರಡು ಸಲ ಚಿತ್ರಿಸಬೇಕಾಯಿತು.

ನಾಯಿ ಬೀದಿಯಲ್ಲಿ ಓಡುತ್ತದೆ, ಮೂಲೆ ತಿರುಗುತ್ತದೆ, ಹೊಳೆ ಈಜುತ್ತದೆ, ಸಾಲುಮನೆಗಳ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತದೆ. ಮರಳಿ ಬರುವಾಗಲೂ ಅವೇ ಜಾಗಗಳು, ಕ್ಯಾಮೆರಾ ಅಲ್ಲಲ್ಲೇ. ಒಂದೊಂದು ತುಣುಕಿನಲ್ಲೂ ನಾಯಿ ಮಾಡುತ್ತಿರುವುದು ಇಲ್ಲಿಂದ ಅಲ್ಲಿಗೆ ಓಡುವ ಕೆಲಸವಷ್ಟೇ. ಆದರೆ ಆ ತುಣುಕುಗಳನ್ನು ದಿಕ್ಕು ತಪ್ಪದಂತೆ ಜೋಡಿಸಿದಾಗ, ನಾಯಿಗೆ ಒಂದು ಉದ್ದೇಶವಿದೆ, ದಾರಿಯ ನೆನಪಿದೆ, ಮನೆಯವರ ಸಂಕಟ ಅದಕ್ಕೆ ಅರ್ಥವಾಗಿದೆ ಎಂದು ನಾವು ನಂಬಿಬಿಡುತ್ತೇವೆ. ಮುಂದಿನ ಹಾಸ್ಯಚಿತ್ರಗಳ ಜಾಣನಾಯಿಗಳೆಲ್ಲ ಈ ಜೋಡಣೆಯ ಮಕ್ಕಳು. ಕೀಸ್ಟೋನ್ ಸಂಸ್ಥೆಯ ಗ್ರೇಟ್ ಡೇನ್ ನಾಯಿ ಟೆಡ್ಡಿ 1917ರ ‘ಟೆಡ್ಡಿ ಅಟ್ ದ ಥ್ರಾಟಲ್’ನಲ್ಲಿ ರೈಲು ಹಳಿಗೆ ಬಿಗಿದ ನಾಯಕಿಯ ಚೀಟಿಯನ್ನು ಕಚ್ಚಿಕೊಂಡು ಓಡುವಾಗ, ಅತ್ತ ರೈಲು, ಇತ್ತ ನಾಯಿ, ನಡುವೆ ನಾಯಕಿ ಎಂದು ಕತ್ತರಿಯೇ ಉಸಿರು ಬಿಗಿಹಿಡಿಸುತ್ತದೆ.

ಇನ್ನೊಂದು ಮಾತು. ಈ ಚಿತ್ರಗಳನ್ನು ನೋಡುವಾಗ ವೇಗವನ್ನು ದಯವಿಟ್ಟು ಗಮನಿಸಿ. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟುಗಳಿರುತ್ತವೆ, ಒಂದು ರೀಲು ಎಂದರೆ ಸುಮಾರು 1000 ಅಡಿ. ಸೆಕೆಂಡಿಗೆ 16 ಚೌಕಟ್ಟಿನಂತೆ ಓಡಿಸಿದರೆ ಒಂದು ರೀಲಿಗೆ ಹದಿನಾರು ಮುಕ್ಕಾಲು ನಿಮಿಷದಷ್ಟು ಹಿಡಿಯುತ್ತದೆ. ಟಾಕಿಯ ವೇಗವಾದ 24ರಲ್ಲಿ ಅದೇ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಹಿಡಿ ತಿರುಗಿಸಿ ಚಿತ್ರಿಸುತ್ತಿದ್ದ ಕಾಲದಲ್ಲಿ ಹಾಸ್ಯದ ಓಟಗಳು ತೆರೆಯ ಮೇಲೆ ಇನ್ನೂ ಚುರುಕಾಗಿ ಕಾಣಲೆಂದು ಛಾಯಾಗ್ರಾಹಕರು ಬೇಕೆಂದೇ ನಿಧಾನವಾಗಿ ತಿರುಗಿಸುತ್ತಿದ್ದುದೂ ಉಂಟು. ಆದರೆ ಈಗ ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಪ್ರತಿಗಳು ಲೆಕ್ಕವಿಲ್ಲದೆ ಓಡುವುದರಿಂದ ಮಕ್ಕಳ ಮುಖಭಾವವೇ ಕಣ್ಣಿಗೆ ನಿಲ್ಲುವುದಿಲ್ಲ. ಸರಿಯಾದ ವೇಗದ ಪ್ರತಿ ಸಿಕ್ಕರೆ ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿ; ಬೇರೆಯೇ ಚಿತ್ರದಂತೆ ಅನ್ನಿಸುತ್ತದೆ.

ಪಶುವೈದ್ಯೆ ಬರೆದದ್ದು:

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ನನಗಿರುವ ತಕರಾರನ್ನು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ‘ಕೂಗಿ ಹೇಳಿದರೆ ಪ್ರಾಣಿ ಮಾಡುತ್ತಿತ್ತು’ ಎನ್ನುವಾಗ, ಕೂಗಿಗೆ ಪ್ರಾಣಿ ಓಗೊಡುವಂತೆ ಮಾಡಿದ್ದು ಏನು ಎಂಬ ಪ್ರಶ್ನೆಯನ್ನು ನಾವು ಬಿಟ್ಟುಬಿಡುತ್ತಿದ್ದೇವೆ. ಅಮೆರಿಕದಲ್ಲಿ ಚಿತ್ರೀಕರಣದ ಜಾಗದಲ್ಲಿ ಪ್ರಾಣಿಗಳ ಯೋಗಕ್ಷೇಮವನ್ನು ನೋಡಲು ಅಮೆರಿಕನ್ ಹ್ಯೂಮೇನ್ ಸಂಸ್ಥೆಯವರು ನಿಲ್ಲತೊಡಗಿದ್ದು 1940ರಲ್ಲಿ, ಅದೂ ಹಿಂದಿನ ವರ್ಷ ತೆರೆಕಂಡ ಚಿತ್ರವೊಂದಕ್ಕಾಗಿ ಕುದುರೆಯನ್ನು ಬಂಡೆಯ ಮೇಲಿನಿಂದ ಬೀಳಿಸಿ ಕೊಂದದ್ದಕ್ಕೆ ಜನ ಸಿಟ್ಟಾದ ಮೇಲೆ. ಮೂಕಿ ಯುಗದಲ್ಲಿ ಅಂಥ ಕಣ್ಣು ಯಾವುದೂ ಇರಲಿಲ್ಲ.

ನಾಯಿಗಳ ವಿಷಯದಲ್ಲಿ ನನಗೆ ಅಷ್ಟು ಆತಂಕವಿಲ್ಲ. ಬಾಲ, ಕಿವಿ, ಬೆನ್ನಿನ ನಿಲುವನ್ನು ನೋಡಿದರೆ ಅವುಗಳಲ್ಲಿ ಅನೇಕವು ಆಟದ ಹುರುಪಿನಲ್ಲಿಯೇ ಇದ್ದವೆಂದು ಹೇಳಬಹುದು. ಹಾಸ್ಯನಟ ರಾಸ್ಕೊ ಆರ್ಬಕಲ್ ಮತ್ತು ಅವರ ಹೆಂಡತಿ ಮಿಂಟಾ ಡರ್ಫೀ ಅವರ ಮನೆಯ ನಾಯಿ ಲೂಕ್‌ನನ್ನು ನೋಡಿ. 1920ರ ‘ದ ಸ್ಕೇರ್‌ಕ್ರೋ’ ಚಿತ್ರದಲ್ಲಿ ಅದು ಬಸ್ಟರ್ ಕೀಟನ್‌ನನ್ನು ಅಟ್ಟಿಸಿಕೊಂಡು ಏಣಿ ಹತ್ತಿ, ಚಾವಣಿಯಿಲ್ಲದ ಪಾಳುಮನೆಯ ಗೋಡೆಯ ಅಂಚಿನ ಮೇಲೆ ಓಡುವಾಗ ಹೆದರಿದ ಪ್ರಾಣಿಯ ಒಂದು ಲಕ್ಷಣವೂ ನನಗೆ ಕಾಣಲಿಲ್ಲ. ಆದರೆ ಚಿಂಪಾಂಜಿಗಳ ಸಂಗತಿ ಬೇರೆ. ಬಟ್ಟೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಮಕ್ಕಳ ಜೊತೆ ಊಟ ಮಾಡಿಸುವ ಆ ದೃಶ್ಯಗಳಲ್ಲಿ ಚಿಂಪಾಂಜಿ ಹಲ್ಲು ಕಿರಿದಾಗ ಪ್ರೇಕ್ಷಕರು ಅದನ್ನು ನಗು ಎಂದುಕೊಂಡರು. ಮೇಲಿನ ಹಲ್ಲಿನ ಸಾಲೂ ಕೆಳಗಿನ ಸಾಲೂ ಪೂರ್ತಿ ಕಾಣುವಂತೆ ತುಟಿ ಹಿಂದಕ್ಕೆಳೆದುಕೊಳ್ಳುವುದು ಬಹುತೇಕ ಆ ಪ್ರಾಣಿಯ ಭಯದ ಮುಖ. ತೆರೆಯ ಮೇಲೆ ಕಾಣುವುದು ಯಾವಾಗಲೂ ಮರಿಗಳೇ ಆಗಿರಲೂ ಕಾರಣವಿದೆ: ಬೆಳೆದ ಚಿಂಪಾಂಜಿಯ ಬಲವನ್ನು ಮನುಷ್ಯ ತಡೆಯಲಾರ. ಮರಿಗಳು ಬೆಳೆದ ಮೇಲೆ ಎಲ್ಲಿಗೆ ಹೋದವು ಎಂಬ ಯೋಚನೆ ಬಂದ ನಂತರ ಆ ಚಿತ್ರಗಳನ್ನು ನೋಡಿ ನಗಲು ನನ್ನಿಂದ ಆಗಿಲ್ಲ.

ಹಳೆಯ ರೀಲು ಬರೆದದ್ದು:

ಡಾಕ್ಟರೇ, ನೀವು ಹೇಳಿದ್ದು ತಪ್ಪಾಗಿ ತಿಳಿಯುವಂಥದ್ದಲ್ಲ. ರೋಚ್ ಅವರೇ 1923ರ ಹೊತ್ತಿಗೆ ಪ್ರಾಣಿಗಳನ್ನಷ್ಟೇ ಪಾತ್ರಗಳಾಗಿಸಿದ ‘ಡಿಪ್ಪಿ ಡೂ ಡ್ಯಾಡ್ಸ್’ ಎಂಬ ಸರಣಿಯನ್ನು ಮಾಡಿದ್ದರು. ಉಡುಪು ತೊಟ್ಟ ಕೋತಿಗಳ ಆ ಚಿತ್ರಗಳನ್ನು ನಾನೂ ಪೂರ್ತಿಯಾಗಿ ನೋಡಲಾರದೆ ಹೋದೆ. ಕಾರಣ ಆಗ ತಿಳಿದಿರಲಿಲ್ಲ, ಈಗ ನಿಮ್ಮ ಮಾತಿನಿಂದ ತಿಳಿಯಿತು.

ನಾಯಿಗಳ ಬಗ್ಗೆ ಒಂದು ಸಂಗತಿ ಸೇರಿಸುತ್ತೇನೆ. ಗ್ಯಾಂಗಿನ ಪೀಟ್ ನಾಯಿಯ ಕಣ್ಣಿನ ಸುತ್ತಲಿನ ಕಪ್ಪು ಉಂಗುರ ಎಲ್ಲರಿಗೂ ಪರಿಚಿತ. ಆ ಪಾತ್ರ ಮಾಡಿದ ಪಾಲ್ ಎಂಬ ನಾಯಿಗೆ ಆ ಗುರುತು ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಇತ್ತು. ‘ಬಸ್ಟರ್ ಬ್ರೌನ್’ ಹಾಸ್ಯಚಿತ್ರಗಳಲ್ಲಿ ಟೈಗ್ ಎಂಬ ನಾಯಿಯಾಗಿ ನಟಿಸುತ್ತಿದ್ದಾಗ ಬಣ್ಣ ಹಾಕಿ ಅದನ್ನು ಪೂರ್ತಿ ಉಂಗುರವಾಗಿಸಿದರು. ಹ್ಯಾರಿ ಲೂಸೆನೇ ಎಂಬವರು ಅದರ ಒಡೆಯರು, ತರಬೇತುದಾರರೂ ಅವರೇ. 1930ರಲ್ಲಿ ಯಾರೋ ವಿಷವಿಟ್ಟು ಪಾಲ್ ಸತ್ತಿತು. ಅದರ ಮರಿಯೇ ಮುಂದೆ ಪೀಟ್ ಆಗಿ ಬಂತು. ತಂದೆಗೆ ಬಲಗಣ್ಣಿನ ಸುತ್ತ ಇದ್ದ ಉಂಗುರ ಮಗನಿಗೆ ಎಡಗಣ್ಣಿನ ಸುತ್ತ ಇದೆ. ಇದನ್ನು ತಿಳಿದ ದಿನದಿಂದ ಪ್ರತಿ ಚಿತ್ರದಲ್ಲೂ ಮೊದಲು ಆ ಕಣ್ಣನ್ನು ನೋಡುವುದು ನನಗೆ ಅಭ್ಯಾಸವಾಗಿದೆ.

ದೂರದ ಕನ್ನಡತಿ ಬರೆದದ್ದು:

ನಾನು ಲಾಸ್ ಏಂಜಲೀಸಿನಲ್ಲಿ ನೆಲೆಸಿ ಹನ್ನೆರಡು ವರ್ಷಗಳಾದವು. ರೋಚ್ ಅವರ ಸ್ಟುಡಿಯೊ ಇದ್ದ ಕಲ್ವರ್ ಸಿಟಿ ನನ್ನ ಕಚೇರಿಯ ದಾರಿಯಲ್ಲೇ ಇದೆ. ಸ್ಟುಡಿಯೊವನ್ನು 1963ರಲ್ಲಿ ಕೆಡವಿದರು, ಈಗ ಅಲ್ಲೊಂದು ಸ್ಮಾರಕ ಫಲಕ ಮಾತ್ರ ಇದೆ. ಆದರೆ ಊರಿನ ಹಳೆಯ ಬೀದಿಗಳಲ್ಲಿ ನಡೆಯುವಾಗ, ಮಕ್ಕಳ ಓಟದ ಹಿಂದೆ ಕಂಡ ತಿರುವು ಇದೇ ಇರಬಹುದೇ ಎಂದು ಎಷ್ಟೋ ಸಲ ನಿಂತಿದ್ದೇನೆ.

ಪಶುವೈದ್ಯೆಯವರ ಪ್ರಶ್ನೆಯನ್ನು ಮಕ್ಕಳ ಬಗ್ಗೆಯೂ ಕೇಳಲೇಬೇಕು. ಬೇಬಿ ಪೆಗ್ಗಿ ಎಂದು ಹೆಸರಾದ ಡಯಾನಾ ಸೆರಾ ಕೇರಿ 2020ರ ಫೆಬ್ರವರಿಯಲ್ಲಿ, ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಡೆದಾಡಲು ಕಲಿತು ಹೆಚ್ಚು ಕಾಲವಾಗಿರದ ಪುಟ್ಟ ಮಗುವಾಗಿದ್ದಾಗಲೇ ಸೆಂಚುರಿ ಸಂಸ್ಥೆಯವರು ಅವರನ್ನು ಆರಿಸಿಕೊಂಡು, 1921ರಲ್ಲಿ ಬ್ರೌನಿ ಎಂಬ ಹೆಸರಾಂತ ನಾಯಿಯ ಜೊತೆ ಕಿರುಚಿತ್ರ ಮಾಡಿದರು. ಜಾಣನಾಯಿ, ಪುಟಾಣಿ ಹುಡುಗಿ, ಅವರಿಬ್ಬರ ಗೆಳೆತನ: ನಾವಿಲ್ಲಿ ಮಾತನಾಡುತ್ತಿರುವುದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಸಿಗದು. ಆ ಹುಡುಗಿ ವಾರಕ್ಕೆ ಆರು ದಿನ ದುಡಿಯುತ್ತಿದ್ದಳು. ಕಡಲತೀರದ ಒಂದು ಚಿತ್ರಕ್ಕಾಗಿ ಪ್ರಜ್ಞೆ ತಪ್ಪುವವರೆಗೆ ಅವಳನ್ನು ನೀರಿನಲ್ಲಿ ಮುಳುಗಿಸಿ ಹಿಡಿದಿದ್ದರು. ಗಳಿಸಿದ ಹಣವೆಲ್ಲ ಅವಳು ದೊಡ್ಡವಳಾಗುವುದರೊಳಗೆ ಕರಗಿಹೋಗಿತ್ತು. ಆಕೆ ಮುಂದೆ ಲೇಖಕಿಯಾಗಿ, ಬಾಲನಟರ ಹಕ್ಕುಗಳ ಪರವಾಗಿ ದನಿ ಎತ್ತಿದರು. ಬಾಲನಟನಾಗಿ ಹೆಸರು ಮಾಡಿದ್ದ ಜಾಕಿ ಕೂಗನ್ ತಾನು ಗಳಿಸಿದ ಹಣಕ್ಕಾಗಿ 1938ರಲ್ಲಿ ತನ್ನ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ ಮೇಲೆ, 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯನ್ನು ಕಾಪಾಡುವ ಕಾಯಿದೆ ಬಂತು. ಇಂದಿಗೂ ಅದನ್ನು ಕೂಗನ್ ಕಾಯಿದೆ ಎಂದೇ ಕರೆಯುತ್ತಾರೆ.

ಪೆಗ್ಗಿ ನಟಿಸಿದ ಕಿರುಚಿತ್ರಗಳಲ್ಲಿ ಉಳಿದಿರುವುದು ಕೆಲವೇ. 1926ರಲ್ಲಿ ಸೆಂಚುರಿ ಸ್ಟುಡಿಯೊಗೆ ಬೆಂಕಿ ಬಿತ್ತು. ಆ ಕಾಲದಲ್ಲಿ ಬಳಸುತ್ತಿದ್ದ ನೈಟ್ರೇಟ್ ಫಿಲ್ಮು ಒಮ್ಮೆ ಹತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ಕೆಲಸದ ಗುರುತೂ ಉಳಿಯದೆ ಹೋದದ್ದನ್ನು ನೆನೆದರೆ ಸಂಕಟವಾಗುತ್ತದೆ.

ಸಾಗರದ ಮೇಷ್ಟ್ರು ಬರೆದದ್ದು:

ನಾನು ಹಳ್ಳಿಯ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ಕಳೆದ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಗೋಡೆಗೆ ಬಿಳಿ ಪಂಚೆ ಕಟ್ಟಿ, 1916ರ ‘ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್’ ಚಿತ್ರವನ್ನು ಮಕ್ಕಳಿಗೆ ತೋರಿಸಿದೆ. ಗಂಡ ಹೆಂಡತಿ ಮಲಗಿರುವಂತೆಯೇ ಅವರ ಮನೆಯನ್ನು ದುಷ್ಟನೊಬ್ಬ ಕಡಲಿಗೆ ತೇಲಿಬಿಡುವುದು, ಮಂಚ ನೀರಿನಲ್ಲಿ ತೇಲುವುದು, ಲೂಕ್ ನಾಯಿ ಈಜಿ ಹೋಗಿ ಸಹಾಯ ತರುವುದು ಅದರ ಕಥೆ. ಇಂಗ್ಲಿಷ್ ಬರಹದ ಫಲಕ ಬಂದಾಗಲೆಲ್ಲ ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಮಕ್ಕಳೇ, ‘ಸಾರ್, ನೀವು ಹೇಳಬೇಡಿ, ನಮಗೆ ಗೊತ್ತಾಗುತ್ತದೆ’ ಎಂದರು. ನಾಯಿ ನೀರಿಗೆ ಹಾರಿದಾಗ ಇಡೀ ತರಗತಿ ಎದ್ದು ನಿಂತು ಅದಕ್ಕೆ ದಾರಿ ಹೇಳತೊಡಗಿತು.

ಹಳೆಯ ರೀಲು ಅವರ ಬರಹವನ್ನು ಓದಿದಾಗ ನನಗೆ ಅದೇ ನೆನಪಾಯಿತು: ಆ ಕಾಲದಲ್ಲಿ ಕ್ಯಾಮೆರಾದ ಪಕ್ಕದಿಂದ ಕೂಗಿದವರ ಜಾಗದಲ್ಲಿ ನಮ್ಮ ಮಕ್ಕಳು ನಿಂತಿದ್ದರು. ಮುಂದಿನ ಶನಿವಾರಗಳಿಗೆ ಯಾವ ಚಿತ್ರಗಳು ಸೂಕ್ತ ಎಂದು ದಯವಿಟ್ಟು ತಿಳಿಸಬೇಕು.

ಸಂಕಲನಕಾರ ಬರೆದದ್ದು:

ಮೇಷ್ಟ್ರೇ, ನೀವು ಮಾಡಿದ್ದು ಜಪಾನಿನಲ್ಲಿ ಬೆನ್ಶಿ ಎನ್ನುವ ಕಥನಕಾರರು ಮಾಡುತ್ತಿದ್ದ ಕೆಲಸ. ತೆರೆಯ ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳ ಮಾತನ್ನೂ ಅವರು ಆಡುತ್ತಿದ್ದರು. ಅವರ ಜನಪ್ರಿಯತೆಯೂ ಒಂದು ಕಾರಣವಾಗಿ ಅಲ್ಲಿ 1930ರ ದಶಕದ ನಡುಭಾಗದವರೆಗೂ ಮೂಕಿ ಚಿತ್ರಗಳು ತಯಾರಾದವು. 1929ರಲ್ಲಿ ಯಸುಜಿರೊ ಓಝು ‘ಟೊಕ್ಕನ್ ಕೊಝೊ’ ಎಂಬ ಕಿರುಹಾಸ್ಯ ಮಾಡಿದರು. ಹುಡುಗನನ್ನು ಅಪಹರಿಸಿದವರೇ ಅವನ ತುಂಟತನ ತಾಳಲಾರದೆ ಹೈರಾಣಾಗುವ ಕಥೆ ಅದು. ಈಗ ಉಳಿದಿರುವುದು ಒಂದು ಭಾಗ ಮಾತ್ರ, ಅದೇ ಸಾಕು. ಆನೆ ಕಂಡರೆ ಕುಣಿಯುವ ನಮ್ಮ ಮಲೆನಾಡಿನ ಮಕ್ಕಳಿಗೆ 1913ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಫಯಾಡ್ ಮಾಡಿದ, ಬೂ ದ ಝಾಂ ಎಂಬ ಪೋರ ಆನೆಯನ್ನೇ ಕದಿಯುವ ಚಿತ್ರವನ್ನೂ ತೋರಿಸಿ.

ಸಮಾಜಶಾಸ್ತ್ರದ ವಿದ್ಯಾರ್ಥಿ ಬರೆದದ್ದು:

ಮಕ್ಕಳಿಗೆ ತೋರಿಸುವ ಮಾತು ಬಂದದ್ದರಿಂದ ಇದನ್ನು ಹೇಳಬೇಕೆನಿಸಿತು. ‘ಅವರ್ ಗ್ಯಾಂಗ್’ನಲ್ಲಿ ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಗುಂಪಾಗಿ ಆಡುತ್ತಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ರೈಲುಗಾಡಿ, ನೀರಿನ ನಲ್ಲಿಯವರೆಗೆ ಎಲ್ಲವನ್ನೂ ಕಾನೂನೇ ಬೇರ್ಪಡಿಸಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ‘ಸನ್‌ಶೈನ್ ಸ್ಯಾಮಿ’ ಎಂದು ಹೆಸರಾದ ಅರ್ನಿ ಮಾರಿಸನ್ ಗ್ಯಾಂಗಿಗೆ ಸೇರಿದ ಮೊದಲಿಗರಲ್ಲಿ ಒಬ್ಬ. 1924ರಲ್ಲಿ ಅವನು ಬಿಟ್ಟು ಹೋದ ಮೇಲೆ ಫರೀನಾ ಪಾತ್ರದ ಆಲನ್ ಹಾಸ್ಕಿನ್ಸ್ ಸರಣಿಯ ದೊಡ್ಡ ಆಕರ್ಷಣೆಯಾದ.

ಆದರೆ ಅದೇ ಚಿತ್ರಗಳ ಬರಹದ ಫಲಕಗಳು ಈ ಮಕ್ಕಳ ಬಾಯಲ್ಲಿ ಅಪಭ್ರಂಶದ ಮಾತು ತುರುಕುತ್ತವೆ, ಮೈಬಣ್ಣವನ್ನೇ ತಮಾಷೆಯಾಗಿಸುತ್ತವೆ. ಮಕ್ಕಳು ಆಡುತ್ತಿರುವಾಗ ಇರುವ ಸಮಾನತೆ, ದೊಡ್ಡವರು ಬರೆದ ಫಲಕ ಬಂದ ಕೂಡಲೇ ಮುರಿಯುತ್ತದೆ. ಮೇಷ್ಟ್ರು ಮುಂಚಿತವಾಗಿ ಒಮ್ಮೆ ನೋಡಿ, ಯಾವ ಚಿತ್ರವನ್ನು ತೋರಿಸುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸಬೇಕೆಂದು ನನ್ನ ವಿನಂತಿ.

ಹಳೆಯ ರೀಲು ಬರೆದದ್ದು:

ಈ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನನ್ನ ಮೊದಲ ಬರಹದಲ್ಲೇ ಇದು ಇರಬೇಕಿತ್ತು. ಮೇಷ್ಟ್ರೇ, ಮೊದಲು ‘ರೋವರ್’, ಆಮೇಲೆ ‘ದ ಸ್ಕೇರ್‌ಕ್ರೋ’ ತೋರಿಸಿ. ಎರಡನೆಯದರಲ್ಲಿ ಕೆನೆಯ ತಿಂಡಿ ತಿಂದ ಲೂಕ್‌ನ ಬಾಯ ಸುತ್ತಲಿನ ನೊರೆಯನ್ನು ಕಂಡು ಕೀಟನ್ ಅದಕ್ಕೆ ಹುಚ್ಚು ಹಿಡಿದಿದೆ ಎಂದುಕೊಂಡು ಓಡುತ್ತಾನೆ. ಅದನ್ನು ಯಾವ ಮಗುವಿಗೂ ವಿವರಿಸಬೇಕಾಗಿಲ್ಲ. 1895ರಲ್ಲಿ ಲುಮಿಯೇರ್ ಸಹೋದರರು ತೆಗೆದ, ತೋಟಕ್ಕೆ ನೀರು ಹಾಯಿಸುವವನ ಕೊಳವೆಯನ್ನು ಹುಡುಗ ತುಳಿಯುವ ತುಣುಕನ್ನು ಮರೆಯಬೇಡಿ. ಒಂದು ನಿಮಿಷವೂ ಇಲ್ಲದ ಅದು ಕಥೆಯಿರುವ ಹಾಸ್ಯಚಿತ್ರಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು. ಅದರಲ್ಲೂ ತುಂಟ ಹುಡುಗನೇ ನಾಯಕ.

ಸಾಗರದ ಮೇಷ್ಟ್ರು ಬರೆದದ್ದು:

ಮೂರನ್ನೂ ತೋರಿಸಿ ಬಂದು ಬರೆಯುತ್ತಿದ್ದೇನೆ. ‘ರೋವರ್’ ಮುಗಿದ ಮೇಲೆ ಒಬ್ಬ ಹುಡುಗಿ, ‘ಆ ನಾಯಿಗೆ ಎಲ್ಲಿಗೆ ಓಡಬೇಕೆಂದು ಯಾರು ಹೇಳಿದರು?’ ಎಂದು ಕೇಳಿದಳು. ನಾನು ಉತ್ತರ ಕೊಡದೆ, ಫೋನಿನಲ್ಲಿ ನೀವೇ ಚಿತ್ರ ತೆಗೆದು ನೋಡಿ ಎಂದೆ. ಶಾಲೆಯ ಬಿಸಿಯೂಟದ ಹೊತ್ತಿಗೆ ತಪ್ಪದೆ ಬರುವ ಕಂದು ನಾಯಿಯೊಂದಿದೆ. ಅದನ್ನೇ ನಾಯಕನನ್ನಾಗಿ ಮಾಡಿಕೊಂಡರು. ಕಳೆದುಹೋದ ಚಪ್ಪಲಿಯನ್ನು ನಾಯಿ ಹುಡುಕಿ ತರುವುದು ಅವರ ಕಥೆ. ನಾಯಿ ಚಪ್ಪಲಿಯ ಕಡೆಗೆ ಹೋಗಲೇ ಇಲ್ಲ. ಕೊನೆಗೆ ಇಬ್ಬರು ಹುಡುಗರು ಫೋನು ಹಿಡಿದವಳ ಹಿಂದೆ ನಿಂತು ‘ಬಾ, ಬಾ’ ಎಂದು ಕರೆದಾಗ ಅದು ನೇರ ಓಡಿಬಂತು. ಚಪ್ಪಲಿಯನ್ನು ಬೇರೆಯಾಗಿ ಒಂದು ತುಣುಕು ತೆಗೆದು ಮಧ್ಯೆ ಸೇರಿಸಿದರು.

ಮೊದಲ ಸಲ ಧ್ವನಿಯೊಂದಿಗೆ ಹಾಕಿದಾಗ ‘ಬಾ, ಬಾ’ ಎಂಬ ಕೂಗು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆ ಹುಡುಗಿಯೇ ಫೋನು ತೆಗೆದುಕೊಂಡು ಧ್ವನಿಯನ್ನು ಪೂರ್ತಿ ಇಳಿಸಿ ಮತ್ತೆ ಹಾಕಿದಳು. ನಾಯಿ ಈಗ ಯಾರೂ ಹೇಳದೆ, ತಾನೇ ಯೋಚಿಸಿ ಚಪ್ಪಲಿಗಾಗಿ ಓಡುತ್ತಿತ್ತು. ತರಗತಿಯೆಲ್ಲ ಒಂದು ಗಳಿಗೆ ಸುಮ್ಮನಾಯಿತು. ಬರುವ ಶನಿವಾರ ಎರಡನೆಯ ಚಿತ್ರ ತೆಗೆಯುತ್ತಾರಂತೆ. ನಾಯಿಗೆ ಒಂದು ಹೆಸರು ಬೇಕೆಂದು ಚರ್ಚೆ ನಡೆದಿದೆ. ಲೂಕ್ ಎನ್ನುವವರು ಹದಿನೈದು ಜನ, ರಾಜು ಎನ್ನುವವರು ಹನ್ನೊಂದು ಜನ.